ಪಾರದರ್ಶಕ ಪೆನ್ನಿಗೆ ಅಂಟಿದ ಮಸಿ

ಒಳಗಿನದೆಲ್ಲವೂ ಹೊರಗೆ ಕಾಣುವ ಪಾರದರ್ಶಕ ಫೌಂಟನ್ ಪೆನ್ನು ಮೊದಲು ಹುಟ್ಟಿದ್ದು ಬರೆಯುವವರಿಗಾಗಿ ಅಲ್ಲ, ಮಾರುವವರಿಗಾಗಿ. ಹಿಂಬದಿಯ ತಿರುಪನ್ನು ತಿರುಗಿಸಿದರೆ ಪಿಸ್ಟನ್ ಹೇಗೆ ಮೇಲೇರುತ್ತದೆ, ಅದರ ಬೆನ್ನಿಗೇ ಮಸಿ ಹೇಗೆ ಒಳನುಗ್ಗುತ್ತದೆ ಎಂಬುದನ್ನು ಅಂಗಡಿಯವನ ಕಣ್ಣೆದುರಿಗೇ ತೋರಿಸಲೆಂದು ಕಂಪನಿಗಳು ತಮ್ಮ ಪ್ರತಿನಿಧಿಗಳ ಕೈಗೆ ಕೊಡುತ್ತಿದ್ದ ಮಾದರಿ ಅದು. ತೋರಿಸಿ, ತೊಳೆದು, ಪೆಟ್ಟಿಗೆಯಲ್ಲಿಡುವ ವಸ್ತುವಿಗೆ ಕಲೆಯ ಭಯವೆಲ್ಲಿಯದು? ಅದೇ ಮಾದರಿಯು ರಸಿಕರ ಜೇಬನ್ನು ಸೇರಿ, ಒಂದೇ ಮಸಿಯನ್ನು ತಿಂಗಳುಗಟ್ಟಲೆ ಒಡಲಲ್ಲಿಟ್ಟುಕೊಂಡಿರತೊಡಗಿದ ಮೇಲೆ, ಎಷ್ಟು ತೊಳೆದರೂ ಜಗ್ಗದ ನೀಲಿಯ ಛಾಯೆಯೊಂದು ಅದಕ್ಕೆ ಹತ್ತಿ, ಆ ನೈರ್ಮಲ್ಯಕ್ಕೆ ಮನಸೋತು ಹಣ ತೆತ್ತವರನ್ನು ಚಿಂತೆಗೆ ಹಚ್ಚುತ್ತದೆ.

ಕಲೆಗಳೆಲ್ಲವೂ ಒಂದೇ ಜಾತಿಯವಲ್ಲ. ನಿತ್ಯದ ಮಸಿಯು ಬಹುಮಟ್ಟಿಗೆ ನೀರಿನಲ್ಲಿ ಕರಗಿದ ಕೃತಕ ಬಣ್ಣ. ಅದು ಸಾಮಾನ್ಯವಾಗಿ ನೀರಿನೊಡನೆಯೇ ಹರಿದುಹೋಗುತ್ತದೆಯಾದರೂ, ಗಾಢವಾದ ನೇರಳೆ, ಕೆಂಪು, ನೀಲಿಗಳಲ್ಲಿ ಕೆಲವು ಬಹುಕಾಲ ನಿಂತರೆ, ಸಾರಿನ ಅರಿಸಿನವು ಊಟದ ಡಬ್ಬಿಗೆ ಹಿಡಿಯುವಂತೆ, ಪ್ಲಾಸ್ಟಿಕ್ಕಿನ ಮೇಲ್ಪದರದೊಳಕ್ಕೇ ಇಳಿದುಬಿಡುತ್ತವೆ. ಅಮೆರಿಕದ ನೂಡ್ಲರ್ಸ್ ಕಂಪನಿಯ ಬೇಸ್ಟೇಟ್ ಬ್ಲೂ ಎಂಬ ಮಸಿಯು ಈ ಗುಣದಿಂದ ಪೆನ್ನುಪ್ರಿಯರ ನಡುವೆ ಕುಖ್ಯಾತಿಯನ್ನೇ ಪಡೆದಿದೆ. ಇನ್ನೊಂದು, ಮಾಚಿಕಾಯಿಯ ಟ್ಯಾನಿನ್ನೂ ಕಬ್ಬಿಣದ ಲವಣವೂ ಕೂಡಿದ ಪ್ರಾಚೀನ ಬಗೆಯ ಮಸಿ. ಗಾಳಿಯ ಆಮ್ಲಜನಕದ ಸಂಪರ್ಕದಿಂದ ಕಪ್ಪಾಗಿ ನೀರಿನಲ್ಲಿ ಕರಗದಂತಾಗುವುದೇ ಅದರ ಧರ್ಮವಾದುದರಿಂದ, ಕಾಗದದ ಮೇಲೆ ಬರಹವನ್ನು ಕಾಯುವ ಶಕ್ತಿಯೇ ಪೆನ್ನಿನೊಳಗೆ ಪೀಡೆಯಾಗಿ ಪರಿಣಮಿಸುತ್ತದೆ. ಇಂಗಾಲವೇ ಮೊದಲಾದವುಗಳ ಸೂಕ್ಷ್ಮ ಕಣಗಳು ತೇಲುವ ಮಸಿ ಮೂರನೆಯದು. ಅದು ಬಿಡುವುದು ಕಲೆಯಲ್ಲ, ಒಣಗಿದ ಕೆಸರು, ಉಜ್ಜದೆ ಹೋಗದು. ಅರಗು ಬೆರೆತ ಡ್ರಾಯಿಂಗ್ ಇಂಕನ್ನಂತೂ ಫೌಂಟನ್ ಪೆನ್ನಿಗೆ ತುಂಬಲೇಬಾರದು.

ಮೊದಲ ಚಿಕಿತ್ಸೆ ನೀರೇ. ನಿಬ್ಬು, ಅದರಡಿಯ ನಾಲಗೆ, ಕೊಳವೆ ಇವು ಬಿಚ್ಚಿ ಬರುವಂತಿದ್ದರೆ ಬಿಚ್ಚಿ, ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿಯನ್ನು ಬೆರೆಸಿ ರಾತ್ರಿಯೆಲ್ಲ ನೆನೆಯಿಟ್ಟರೆ, ಹಟಮಾರಿಯೆಂದು ತೋರಿದ ಕಲೆಗಳಲ್ಲಿ ಹೆಚ್ಚಿನವು ಬೆಳಗಾಗುವಷ್ಟರಲ್ಲಿ ತಿಳಿಯಾಗಿರುತ್ತವೆ. ಕುದಿವ ನೀರು ಸಲ್ಲದು. ಅದು ಪ್ಲಾಸ್ಟಿಕ್ಕಿನ ರೂಪವನ್ನೂ, ನಾಲಗೆ ಎಬೊನೈಟಿನದಾಗಿದ್ದರೆ ಅದರ ಬಾಗನ್ನೂ ಕೆಡಿಸಬಲ್ಲುದು. ಬಳಿಕ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು: ಗೋಡೆಗಳು ಶುಭ್ರವಾಗಿದ್ದರೂ ಕೊರಳಿನ ತಿರುಪಿನ ಒಂದೊಂದು ಸುತ್ತಿನಲ್ಲಿಯೂ ಕೂದಲೆಳೆಯಷ್ಟು ನೀಲಿ ಉಳಿದಿರುತ್ತದೆ, ಪಿಸ್ಟನ್ನಿನ ಅಂಚಿನ ಹಿಂದೆ ಉಂಗುರದಂತಹ ಗೆರೆಯೊಂದು ಕಾಣುತ್ತದೆ. ಹಲ್ಲುಕಡ್ಡಿಗೆ ಸುತ್ತಿದ ಹತ್ತಿಯೂ ಹಳೆಯ ಮೆದು ಬ್ರಷ್ಷೂ ಇಲ್ಲಿ ಯಾವ ಔಷಧಕ್ಕಿಂತಲೂ ಮಿಗಿಲು. ಬೋರ್‌ವೆಲ್ಲಿನ ಗಡಸು ನೀರು ತನ್ನದೇ ಒಂದು ಬಿಳಿಯ ಪೊರೆಯನ್ನು ಬಿಡುವುದರಿಂದ, ಕಡೆಯ ಜಾಲಿಸುವಿಕೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಳ್ಳೆಯದು.

ಇದಕ್ಕೂ ಬಗ್ಗದ ಬಣ್ಣಕ್ಕೆ ಮಾತ್ರ ಬ್ಲೀಚು. ಅದರಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್ ಬಣ್ಣದ ಅಣುವಿನ ರಚನೆಯನ್ನೇ ಮುರಿದು ಅದನ್ನು ವರ್ಣಹೀನವಾಗಿಸುತ್ತದೆ. ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಲೋಹದ ಭಾಗವೊಂದೂ ಸೋಂಕದಂತೆ ಬರಿಯ ಪ್ಲಾಸ್ಟಿಕ್ ಕೊಳವೆಯಲ್ಲಿ ಕೆಲವು ನಿಮಿಷ ನಿಲ್ಲಿಸಿ, ಕೂಡಲೆ ತೊಳೆಯತಕ್ಕದ್ದು. ಉಕ್ಕಿನ ನಿಬ್ಬು ಬ್ಲೀಚಿಗೆ ಬಲುಬೇಗ ತುತ್ತಾಗುತ್ತದೆ. ಕಬ್ಬಿಣದ ಮಸಿಗೆ ಇದೇ ಉಪಾಯವನ್ನು ಹೂಡಿದರೆ ಫಲ ವಿಪರೀತ: ಕಪ್ಪು ಹೋದೆಡೆ ತುಕ್ಕಿನ ಕಂದು ನೆಲಸುತ್ತದೆ. ಅದಕ್ಕೆ ತಕ್ಕುದು ಆಸ್ಕಾರ್ಬಿಕ್ ಆಮ್ಲ, ಎಂದರೆ ನಾವೆಲ್ಲರೂ ಬಲ್ಲ ವಿಟಮಿನ್ ಸಿ; ಆ ಪುಡಿಯ ತೆಳು ದ್ರಾವಣವು ಕಬ್ಬಿಣವನ್ನು ಮತ್ತೆ ಕರಗುವ ಸ್ಥಿತಿಗೆ ಇಳಿಸಿ ಸದ್ದಿಲ್ಲದೆ ಹೊರಗೆ ತರುತ್ತದೆ. ಅಮೋನಿಯಾವನ್ನು ಹೊಗಳುವವರೂ ಉಂಟು. ಆದರೆ ಪಾಲಿಕಾರ್ಬೊನೇಟಿಗೆ ಅದು ಹಿತವಲ್ಲ. ಮೇಲಾಗಿ ಬ್ಲೀಚಿನೊಡನೆ ಅಮೋನಿಯಾ ಕೂಡಿದರೆ ಕ್ಲೋರಮೀನ್ ಎಂಬ ವಿಷಾನಿಲವೂ, ಆಮ್ಲ ಕೂಡಿದರೆ ಕ್ಲೋರಿನ್ನೂ ಹೊರಡುತ್ತವೆ. ಒಂದರ ಪ್ರಯೋಗ ಮುಗಿದು ಪೂರ್ತಿ ತೊಳೆದ ಹೊರತು ಇನ್ನೊಂದನ್ನು ಮುಟ್ಟಲಾಗದು.

ಅವಸರದ ಜನ ಸ್ಪಿರಿಟ್ಟಿಗೋ ಉಗುರುಬಣ್ಣ ತೆಗೆಯುವ ಅಸಿಟೋನಿಗೋ ಕೈಹಾಕುತ್ತಾರೆ. ಕಲೆ ಹೋಗಲೂಬಹುದು, ಆದರೆ ಅಕ್ರಿಲಿಕ್ಕಿನ ಮೈಯಲ್ಲಿ ಕೂದಲಿನಂತಹ ಬಿರುಕುಗಳೆದ್ದು, ಮತ್ತೆಂದೂ ತಿಳಿಯಾಗದ ಮಬ್ಬು ಕವಿಯುತ್ತದೆ. ಮಸುಕಾದ ನೀಲಿಯೊಂದಿಗೆ ಬಾಳುವುದು ಇದಕ್ಕಿಂತ ಎಷ್ಟೋ ವಾಸಿಯೆಂದು ನನ್ನ ಮತ. ಕಲೆಗೆ ಇಷ್ಟು ಅಂಜುವವರು ಕಡುಬಣ್ಣದ ಮಸಿಗಳನ್ನು ಅಪಾರದರ್ಶಕ ಪೆನ್ನಿಗೆ ಮೀಸಲಿಟ್ಟು, ಗಾಜಿನಂತಹ ಪೆನ್ನಿಗೆ ತೊಳೆದರೆ ಹೋಗುವ ಸಾಧು ನೀಲಿಯನ್ನೇ ತುಂಬಿದರೆ ಈ ರಸಾಯನವಿದ್ಯೆಯ ಗೊಡವೆಯೇ ಬೇಕಿಲ್ಲ.

ಶುದ್ಧಿಯಾದ ಮೇಲೆ ಪಿಸ್ಟನ್ ಬಿಗಿಯಾಗಿ ತಿರುಗಿದರೆ ಹೆದರಬೇಕಾದುದಿಲ್ಲ. ಸಾಬೂನು ಅದರ ಜಿಡ್ಡನ್ನೂ ಒಯ್ದಿರುತ್ತದೆ. ಗುಂಡುಸೂಜಿಯ ತಲೆಯಷ್ಟು ಸಿಲಿಕೋನ್ ಗ್ರೀಸ್ ಸಾಕು, ತೆಂಗಿನ ಎಣ್ಣೆ ಬೇಡ. ಬ್ಲೀಚು ಹಾಕಿದ ಪೆನ್ನನ್ನಂತೂ ನೀರು ತುಂಬಿ ಒಂದು ದಿನ ಬಿಟ್ಟು, ಚೆಲ್ಲಿ, ಒಣಗಿಸಿಯೇ ಮಸಿ ಹಾಕಬೇಕು. ತಿರುಪಿನ ಸಂದಿಯಲ್ಲಿ ಒಂದು ಹನಿ ಉಳಿದರೂ ಹೊಸ ಮಸಿಯ ಬಣ್ಣ ಅಲ್ಲಿಯೇ ಕೆಡಲಾರಂಭಿಸುತ್ತದೆ.