ನಡುರಾತ್ರಿ ಎರಡು ಜಿಬಿ ಕದ್ದವರು ಯಾರು?

ಕಳೆದ ಏಪ್ರಿಲ್ ಮೊದಲ ವಾರ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಅಪ್ಪಯ್ಯ, ಮನೇಲಿ ನೆಟ್ ಸರಿಯಾಗಿ ಸಿಗೋ ಹಾಗಿದ್ರೆ ಈ ಸಲ ರಜೆ ಮುಗಿಯೋವರೆಗೂ ಅಲ್ಲೇ ಇರ್ತೀವಿ. ನಾನು ಅಲ್ಲಿಂದಲೇ ಆಫೀಸ್ ಕೆಲಸ ಮಾಡ್ತೀನಿ. ಇಲ್ಲ ಅಂದ್ರೆ ನಾಲ್ಕೇ ದಿನ, ಬಂದು ಹೋಗ್ತೀವಿ."

ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ ನನ್ನಾಕೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಎಷ್ಟಾದ್ರೂ ಆಗ್ಲಿ, ಹಾಕಿಸಿ" ಎಂದಳು. ಮೊಮ್ಮಗನನ್ನು ನೋಡಿ ಹತ್ತು ತಿಂಗಳಾಗಿತ್ತು.

ಹಾಕಿಸಿ ಎಂದು ಹೇಳುವುದು ಸುಲಭ. ನಮ್ಮದು ಸಾಗರದ ಕಡೆಯ ಹಳ್ಳಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ದುಡಿದು, ನಿವೃತ್ತಿಯಾದ ಮೇಲೆ ಅಪ್ಪ ಕಟ್ಟಿಸಿದ ಮನೆಗೆ ಬಂದು ಕುಳಿತವನು ನಾನು. ಫೈಬರ್ ಕೇಬಲ್ ಮುಖ್ಯ ರಸ್ತೆಯವರೆಗೆ ಬಂದಿದೆ. ಅಲ್ಲಿಂದ ನಮ್ಮ ಮನೆಗೆ ಮೂರು ಕಿಲೋಮೀಟರ್ ಕಾಡು. ಕೇಬಲ್ ಹುಡುಗ ಬಂದು ಮರಗಳನ್ನೆಲ್ಲ ತಲೆಯೆತ್ತಿ ನೋಡಿ, "ಮಳೆಗಾಲದಲ್ಲಿ ವಾರಕ್ಕೊಂದು ಕೊಂಬೆ ಬಿದ್ದು ತುಂಡಾಗುತ್ತೆ ಸಾರ್. ನೀವು ಬೈತೀರಿ, ನಾನು ಬೈಸ್ಕೋತೀನಿ" ಎಂದು ಕಾಫಿ ಕುಡಿದು ಹೋದ. ದುಡ್ಡು ಇಸಿದುಕೊಂಡು ಮಾಯವಾಗುವವರಿಗಿಂತ ಎಷ್ಟೋ ಮೇಲು.

ಉಳಿದದ್ದು ಗುಡ್ಡದ ಮೇಲಿನ ಮೊಬೈಲ್ ಟವರ್ ಒಂದೇ. ಮೊದಲು ನನ್ನ ಫೋನಿನ ಹಾಟ್‌ಸ್ಪಾಟನ್ನೇ ಪ್ರಯೋಗಿಸಿ ನೋಡಿದೆ. ಅರ್ಧ ಗಂಟೆಯಲ್ಲಿ ಫೋನು ದೋಸೆ ಕಾವಲಿಯ ಹಾಗೆ ಬಿಸಿ. ಅದಲ್ಲದೆ, ನಾನು ತೋಟಕ್ಕೆ ಹೊರಟರೆ ಮನೆಯ ಇಂಟರ್‌ನೆಟ್ಟೂ ನನ್ನ ಜೇಬಿನಲ್ಲಿ ತೋಟಕ್ಕೇ ಬರುತ್ತಿತ್ತು. ಕೊನೆಗೆ ಸಾಗರದ ಅಂಗಡಿಯೊಂದರಲ್ಲಿ ಸಿಮ್ ಹಾಕುವ ಸಣ್ಣ ರೂಟರ್ ತಂದೆ. ಇದೊಂದು ಡಬ್ಬಿ. ಒಂದು ಕಡೆ ಟವರಿನಿಂದ ಫೋನಿನ ಹಾಗೆಯೇ 4ಜಿ ಸಂಕೇತ ಹಿಡಿಯುತ್ತದೆ, ಇನ್ನೊಂದು ಕಡೆ ಮನೆಯೊಳಗೆ ವೈಫೈ ಆಗಿ ಹಂಚುತ್ತದೆ. ನಮ್ಮ ಮನೆಯ ಜಂಬಿಟ್ಟಿಗೆ ಗೋಡೆ ಒಂದು ಮೊಳ ದಪ್ಪ, ಒಳಗೆ ಸಂಕೇತ ನುಸುಳುವುದಿಲ್ಲ. ಆದ್ದರಿಂದ ಡಬ್ಬಿಯನ್ನು ಹಿಡಿದುಕೊಂಡು ಮನೆಯೆಲ್ಲ ತಿರುಗಿದೆ. ಉಪ್ಪರಿಗೆಯಲ್ಲಿ ಗುಡ್ಡಕ್ಕೆ ಮುಖ ಮಾಡಿದ ಕಿಟಕಿಯ ಮೇಲಿಟ್ಟಾಗ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಅಲ್ಲೇ ಅದರ ಪ್ರತಿಷ್ಠಾಪನೆ.

ಅದಕ್ಕೊಂದು ಹೊಸ ಸಿಮ್ಮು, ಆ ಸಿಮ್ಮಿಗೊಂದು ಪ್ಲಾನು. "ಅನ್‌ಲಿಮಿಟೆಡ್ ಸಾರ್, ತಲೆ ಕೆಡಿಸ್ಕೋಬೇಡಿ" ಎಂದ ಅಂಗಡಿಯವ. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ, ತಲೆ ಕೆಡಿಸಿಕೊಳ್ಳಬೇಡಿ ಎಂದು ಯಾರಾದರೂ ಅಂದ ತಕ್ಷಣ ತಲೆ ಕೆಡುತ್ತದೆ. ಕನ್ನಡಕ ಹಾಕಿಕೊಂಡು ಸಣ್ಣ ಅಕ್ಷರ ಓದಿದೆ. ದಿನಕ್ಕೆ 2 ಜಿಬಿ. ಅದು ಮುಗಿದ ಮೇಲೆ ವೇಗ 64 ಕೆಬಿಪಿಎಸ್.

ಹೋಟೆಲಿನ 'ಅನ್‌ಲಿಮಿಟೆಡ್ ಊಟ'ದ ಬೋರ್ಡು ನೆನಪಾಯಿತು. ಅನ್ನ ಎಷ್ಟು ಬೇಕಾದರೂ ಹಾಕುತ್ತಾರೆ. ಎರಡನೇ ಹೋಳಿಗೆ ಕೇಳಿದರೆ ಬಡಿಸುವವನಿಗೆ ಕಿವಿ ಕೇಳಿಸುವುದಿಲ್ಲ.

ಮಕ್ಕಳೇ, ಈ 64ರ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಇಲ್ಲಿ 64 ಎನ್ನುವುದು ಕಿಲೋಬಿಟ್. ಫೋಟೊ, ವಿಡಿಯೊಗಳ ಗಾತ್ರ ಹೇಳುವುದು ಬೈಟಿನಲ್ಲಿ. ನಮ್ಮ ಕಾಲದಲ್ಲಿ ಹದಿನಾರು ಆಣೆ ಸೇರಿದರೆ ಒಂದು ರೂಪಾಯಿ ಆಗುತ್ತಿದ್ದ ಹಾಗೆ, ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ 64 ಕಿಲೋಬಿಟ್ ಎಂದರೆ ಸೆಕೆಂಡಿಗೆ 8 ಕಿಲೋಬೈಟ್ ಅಷ್ಟೇ. 5 ಎಂಬಿಯ ಒಂದು ಫೋಟೊ ಬರಲು ಹತ್ತು ನಿಮಿಷಕ್ಕೂ ಹೆಚ್ಚು ಬೇಕು. ಇಪ್ಪತ್ನಾಲ್ಕು ಗಂಟೆ ಒಂದು ಕ್ಷಣವೂ ಬಿಡದೆ ಎಳೆದರೂ 700 ಎಂಬಿ ದಾಟುವುದಿಲ್ಲ. ನೆಟ್ ಇದೆ ಎಂದು ಹೇಳಬಹುದು, ಮೀಟಿಂಗ್ ಮಾಡಲು ಆಗದು.

(ಇನ್ನೊಂದು ಸಂಗತಿ, ನನ್ನ ವಯಸ್ಸಿನವರಿಗಾಗಿ. ತಿಂಗಳ ಪ್ಲಾನ್ ಎಂದು ಕೊಡುವುದರಲ್ಲಿ ಎಷ್ಟೋ 28 ದಿನದವು. 28ನ್ನು ಹದಿಮೂರರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ ಹನ್ನೆರಡು ಸಲವಲ್ಲ, ಹದಿಮೂರು ಸಲ ರೀಚಾರ್ಜ್. 30 ದಿನದ ಪ್ಲಾನೊಂದನ್ನಾದರೂ ಇಡಲೇಬೇಕೆಂದು ಟ್ರಾಯ್ 2022ರಲ್ಲಿ ಕಂಪನಿಗಳಿಗೆ ಹೇಳಿದೆ. ಅಂಗಡಿಯಲ್ಲಿ ಕೇಳಿ ಪಡೆಯಿರಿ.)

ಆದರೂ 2 ಜಿಬಿ ಸಣ್ಣದಲ್ಲ. 2016ರಲ್ಲಿ ಜಿಯೊ ಬಂದು ದರಗಳೆಲ್ಲ ಇಳಿಯುವ ಮೊದಲು 1 ಜಿಬಿಗೆ ಇನ್ನೂರೈವತ್ತರ ಆಸುಪಾಸು ಕೊಟ್ಟು ತಿಂಗಳಿಡೀ ಜೋಪಾನ ಮಾಡುತ್ತಿದ್ದವರು ನಾವು. ಮಗಳ ಫೋನಿನಲ್ಲೂ ಅವಳದೇ ಡೇಟಾ ಇರುತ್ತದೆ. ಸಾಕು ಎಂದು ಲೆಕ್ಕ ಹಾಕಿ, ಬನ್ನಿ ಎಂದೆ.

ಬಂದರು. ಬಂದ ದಿನವೇ ಮೊಮ್ಮಗ ನನ್ನ ಫೋನ್ ಇಸಿದುಕೊಂಡು, "ಅಜ್ಜ, ಇದನ್ನೂ ವೈಫೈಗೆ ಸೇರಿಸ್ತೀನಿ, ನಿನ್ನ ಡೇಟಾ ಉಳಿಯುತ್ತೆ" ಎಂದು ಸೇರಿಸಿಕೊಟ್ಟ. ಏಳನೇ ತರಗತಿ ಮುಗಿಸಿದ ಹುಡುಗ, ಆದರೆ ನನಗಿಂತ ಚುರುಕು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಗಳು ಮೀಟಿಂಗಿಗೆ ಕುಳಿತಳು. ಪರದೆಯ ಮೇಲಿನವರೆಲ್ಲ ಬಾಯಿ ತೆರೆದುಕೊಂಡು ಹಾಗೇ ನಿಂತರು. ಆ ದಿನ ಟವರಿನದೇ ತೊಂದರೆ ಎಂದುಕೊಂಡೆವು. ಅದರ ಮರುದಿನವೂ ಅದೇ ಕಥೆ. ಕಂಪನಿಯ ಆ್ಯಪಿನಲ್ಲಿ ಬಾಕಿ ನೋಡಿದರೆ ಸೊನ್ನೆ! ಹಿಂದಿನ ರಾತ್ರಿ ಹನ್ನೆರಡಕ್ಕೆ ಹೊಸದಾಗಿ ಜಮೆಯಾದ 2 ಜಿಬಿ, ಬೆಳಿಗ್ಗೆ ಒಂಬತ್ತಕ್ಕೆ ಪೂರ್ತಿ ಖಾಲಿ. ಮನೆಯವರೆಲ್ಲ ಮಲಗಿದ್ದ ಹೊತ್ತಿನಲ್ಲಿ.

ಎಲ್ಲರೂ ಮಲಗಿದ್ದರೇ? ರೂಟರ್ ಇರುವ ಉಪ್ಪರಿಗೆಯಲ್ಲೇ ಮೊಮ್ಮಗನ ಹಾಸಿಗೆ. ಪಕ್ಕದಲ್ಲಿ ಅವನ ಟ್ಯಾಬ್. ಹಿಂದಿನ ರಾತ್ರಿ ನಾನು ಹನ್ನೆರಡರ ಸುಮಾರಿಗೆ ಎದ್ದಾಗ ಅಲ್ಲಿ ಬೆಳಕು ಕಂಡಿತ್ತು.

ನಾನು ಎರಡೂ ಎರಡೂ ಕೂಡಿಸಿ ಐದು ಮಾಡಿದೆ. ತಿಂಡಿಯ ಹೊತ್ತಿಗೆ ಅಡುಗೆಮನೆಯಲ್ಲಿ ಎಲ್ಲರ ಎದುರೇ ಗದರಿಸಿದೆ. "ರಾತ್ರಿಯೆಲ್ಲ ವಿಡಿಯೊ ನೋಡಿ ಅಮ್ಮನ ಕೆಲಸಕ್ಕೆ ಕಲ್ಲು ಹಾಕ್ತೀಯಲ್ಲ, ಇದು ಕಳ್ಳತನ ಅಲ್ವಾ?" ಎಂದುಬಿಟ್ಟೆ.

"ನಾನಲ್ಲ ಅಜ್ಜ" ಎಂದ. "ಮತ್ತೆ ಮಧ್ಯರಾತ್ರಿ ಬೆಳಕು ಯಾಕಿತ್ತು?" ಅಂದಿದ್ದಕ್ಕೆ ಮಾತಿಲ್ಲ. ತಟ್ಟೆಯಲ್ಲಿದ್ದ ದೋಸೆ ಬಿಟ್ಟು ಎದ್ದುಹೋದ. ಮಗಳು ಮೆಲ್ಲಗೆ, "ಭಾನುವಾರ ಹೊರಡ್ತೀವಿ ಅಪ್ಪಯ್ಯ. ಹೀಗಾದ್ರೆ ಕೆಲಸ ನಡೆಯಲ್ಲ" ಎಂದಳು. ನನ್ನಾಕೆ ಏನೂ ಹೇಳಲಿಲ್ಲ. ಆಕೆ ಏನೂ ಹೇಳದಿದ್ದರೆ ಅದರ ಅರ್ಥ ನನಗೆ ಗೊತ್ತು.

ಆ ರಾತ್ರಿ ಟ್ಯಾಬನ್ನು ತೆಗೆದುಕೊಂಡು ಬಂದು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಜನಿವಾರದಲ್ಲಿ. ಬೆಳಿಗ್ಗೆ ಆರಕ್ಕೇ ಎದ್ದು ಬಾಕಿ ನೋಡಿದೆ.

ಸೊನ್ನೆ.

ಬ್ಯಾಂಕಿನಲ್ಲಿ ನಾವು ಸಂಜೆ ಲೆಕ್ಕ ಕೂಡಿಸುವಾಗ ಹತ್ತು ಪೈಸೆ ವ್ಯತ್ಯಾಸ ಬಂದರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸ ಎಲ್ಲಿದೆ ಎಂದು ಸಿಗುವವರೆಗೆ ಪುಸ್ತಕ ತಿರುವಬೇಕು. ಎಷ್ಟೋ ಸಲ ತಪ್ಪು ಹುಡುಕುತ್ತಾ ಕುಳಿತವನದೇ ಆಗಿರುತ್ತಿತ್ತು. ಅದು ಗೊತ್ತಿದ್ದೂ, ಮಗುವಿನ ವಿಷಯದಲ್ಲಿ ಪುಸ್ತಕ ತಿರುವದೆ ತೀರ್ಪು ಕೊಟ್ಟಿದ್ದೆ.

ಮೊಮ್ಮಗನನ್ನು ಎಬ್ಬಿಸಿ, "ಸ್ವಲ್ಪ ಸಹಾಯ ಮಾಡ್ತೀಯಾ?" ಎಂದೆ. ಮುಖ ಊದಿಸಿಕೊಂಡೇ ಬಂದ. ಅಮ್ಮನ ಲ್ಯಾಪ್‌ಟಾಪಿನಲ್ಲಿ ರೂಟರಿನ ಪುಟ ತೆರೆದ. ನನಗೆ ತಿಳಿಯದೇ ಇದ್ದ ಒಂದು ಸಂಗತಿ ಅಲ್ಲಿತ್ತು. ಕಂಪನಿಯವರು 'ಅರ್ಧ ಮುಗಿಯಿತು', 'ಪೂರ್ತಿ ಮುಗಿಯಿತು' ಎಂದು ಆ ಸಿಮ್ಮಿಗೆ ಮೆಸೇಜ್ ಕಳಿಸುತ್ತಲೇ ಇದ್ದರು. ಸಿಮ್ ಡಬ್ಬಿಯೊಳಗೆ ಇದ್ದುದರಿಂದ ಮೆಸೇಜುಗಳೂ ಡಬ್ಬಿಯೊಳಗೇ ಸೇರುತ್ತಿದ್ದವು. ಅರ್ಧ ಮುಗಿದದ್ದು ರಾತ್ರಿ 1 ಗಂಟೆ 40 ನಿಮಿಷಕ್ಕೆ. ಪೂರ್ತಿ ಮುಗಿದದ್ದು 3 ಗಂಟೆ 25ಕ್ಕೆ.

ಆಮೇಲೆ, ಯಾವ ಯಾವ ಉಪಕರಣ ಸೇರಿಕೊಂಡಿವೆ ಎನ್ನುವ ಪಟ್ಟಿ. ಅಮ್ಮನ ಲ್ಯಾಪ್‌ಟಾಪ್, ಅಮ್ಮನ ಫೋನ್, ಇನ್ನೊಂದು ಫೋನ್. ಹುಡುಗ ನನ್ನ ಕಡೆ ತಿರುಗಿದ. "ಅಜ್ಜ, ನಿನ್ನ ಫೋನ್ ಕೊಡು."

ಫೋಟೊಗಳ ಆ್ಯಪ್ ತೆರೆದು ತೋರಿಸಿದ. 'ಬ್ಯಾಕಪ್ ಆಗುತ್ತಿದೆ' ಎಂದು ಚಕ್ರ ತಿರುಗುತ್ತಿತ್ತು. ಇನ್ನೂ ನೂರಾರು ಬಾಕಿ.

ಆದದ್ದು ಇಷ್ಟು. ಫೋನ್ ಕೊಂಡ ದಿನ ಅದು ಏನೋ ಕೇಳಿತ್ತು, ನಾನು 'ಸರಿ' ಒತ್ತಿದ್ದೆ. ವೈಫೈ ಸಿಕ್ಕಾಗ ನನ್ನ ಚಿತ್ರಗಳನ್ನೆಲ್ಲ ದೂರದ ಸರ್ವರಿಗೆ ಕಳಿಸಿ ಪ್ರತಿ ಮಾಡಿಡಬೇಕು ಎಂದು ನಾನೇ ಕೊಟ್ಟ ಅಪ್ಪಣೆ ಅದು. ಮೂರು ವರ್ಷ ವೈಫೈ ಸಿಗಲೇ ಇಲ್ಲ, ಪಾಪ ಕಾಯುತ್ತಾ ಕುಳಿತಿತ್ತು. ಈಗ ಸಿಕ್ಕಿತು. ವೈಫೈ ಎಂದರೆ ಫೋನಿನ ತಿಳಿವಳಿಕೆಯಲ್ಲಿ ಮಿತಿಯಿಲ್ಲದ ಮನೆಯ ಇಂಟರ್‌ನೆಟ್. ಅದರ ಹಿಂದೆ ದಿನಕ್ಕೆ 2 ಜಿಬಿಯ ಸಿಮ್ ಇದೆ ಎಂದು ಅದಕ್ಕೆ ಹೇಳಿದವರು ಯಾರು? ಒಂದು ಆಂಡ್ರಾಯ್ಡ್ ಫೋನಿನ ಹಾಟ್‌ಸ್ಪಾಟಿಗೆ ಇನ್ನೊಂದು ಆಂಡ್ರಾಯ್ಡ್ ಫೋನ್ ಸೇರಿದಾಗ ಸಾಮಾನ್ಯವಾಗಿ ಅದಕ್ಕೆ ಮಿತಿಯ ಸುಳಿವು ಸಿಗುತ್ತದೆ. ನನ್ನ ಡಬ್ಬಿ ಅಂಥ ಸುಳಿವು ಕೊಡುವಂಥದ್ದಲ್ಲ. ರಾತ್ರಿ ಚಾರ್ಜಿಗೆ ಹಾಕಿದ ಫೋನು, ಹನ್ನೆರಡು ದಾಟಿ ಹೊಸ ಡೇಟಾ ಬಂದೊಡನೆ, ಅಳಿಯನ ಅಕ್ಕನ ಮಗಳ ಮದುವೆಯಲ್ಲಿ ನಾನು ಹಿಡಿದ ವಿಡಿಯೊಗಳನ್ನು ಶ್ರದ್ಧೆಯಿಂದ ಕಳಿಸುತ್ತಿತ್ತು. ವಿಡಿಯೊ ಸ್ಪಷ್ಟವಾಗಿದ್ದರೆ ಒಂದೇ ನಿಮಿಷಕ್ಕೆ ನೂರು ಎಂಬಿ ದಾಟುತ್ತದೆ. ಬರುವ ಡೇಟಾಕ್ಕೆ ಮಾತ್ರ ಲೆಕ್ಕ ಎಂದು ನಾನು ತಿಳಿದಿದ್ದೆ. ಕಳಿಸುವುದಕ್ಕೂ ಅದೇ ಲೆಕ್ಕದಲ್ಲಿ ಖರ್ಚು.

"ಮತ್ತೆ ಆ ರಾತ್ರಿ ಬೆಳಕು?" ಎಂದು ಮೆಲ್ಲಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಚಿನ ಮೇಲೆ ಏನೋ ಓಡಾಡ್ತಿತ್ತು ಅಜ್ಜ. ಹೆದರಿಕೆ ಆಯ್ತು. ಲೈಟ್ ಹಾಕ್ಕೊಂಡು ಕೂತಿದ್ದೆ" ಎಂದ. ಕಬ್ಬೆಕ್ಕು. ನಮ್ಮ ಮಾಡಿನ ಮೇಲೆ ದಿನಾ ರಾತ್ರಿ ಅದರ ಸವಾರಿ. ಏಳನೇ ತರಗತಿ ಮುಗಿಸಿದ ಹುಡುಗ ಹೆದರಿದೆ ಎಂದು ಎಲ್ಲರ ಎದುರು ಹೇಗೆ ಹೇಳಿಯಾನು?

ಬ್ಯಾಂಕಿನ ಪುಸ್ತಕದಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ರೂಟರ್ ಬಂದ ದಿನದಿಂದ ನಾನೊಂದು ನೋಟ್‌ಬುಕ್ಕಿನಲ್ಲಿ ಡೇಟಾದ ದಿನವಹಿ ಬರೆಯುತ್ತಿದ್ದೆ. ಅದರಲ್ಲಿ 'ರಾತ್ರಿ ಬಳಕೆ: ಮೊಮ್ಮಗ' ಎಂದು ಬರೆದ ಸಾಲಿತ್ತು. ಅದೇ ಅಡುಗೆಮನೆಯಲ್ಲಿ, ಅದೇ ತಿಂಡಿಯ ಹೊತ್ತಿಗೆ, ಎಲ್ಲರೂ ಕುಳಿತಿದ್ದಾಗ ಅದನ್ನು ಗಟ್ಟಿಯಾಗಿ ಓದಿ, ಗೆರೆ ಎಳೆದು, 'ಅಜ್ಜ' ಎಂದು ಬರೆದು ಸಹಿ ಹಾಕಿದೆ. "ತಪ್ಪಾಯ್ತು ಪುಟ್ಟ" ಎಂದೆ. ಅವನು ನೋಟ್‌ಬುಕ್ ಕಿತ್ತುಕೊಂಡು, "ತಾರೀಕು ಹಾಕಿಲ್ಲ" ಎಂದು ತಾರೀಕು ಬರೆದ.

ಆ ದಿನದಿಂದ ಪುಸ್ತಕ ಅವನದೇ ಆಯಿತು. ನನ್ನ ಫೋನಿನಲ್ಲಿ ಬ್ಯಾಕಪ್ ನಿಲ್ಲಿಸಿದ. ಪ್ರತಿ ಫೋನಿನಲ್ಲೂ ಟ್ಯಾಬಿನಲ್ಲೂ ವೈಫೈ ಹೆಸರಿನೊಳಗೆ ಹೋಗಿ, ಅದು 'ಮೀಟರ್ಡ್', ಅಂದರೆ ಅಳತೆಯದು, ಎಂದು ಗುರುತು ಮಾಡಿದ. ಇನ್ನು ಅವು ತಾವಾಗಿ ಅಪ್‌ಡೇಟು ಗಿಪ್‌ಡೇಟು ಎಂದು ಎಳೆಯುವುದು ಕಡಿಮೆ. ವಾಟ್ಸ್ಆ್ಯಪಿನಲ್ಲಿ ಬಂದಬಂದ ಗುಡ್ ಮಾರ್ನಿಂಗ್ ವಿಡಿಯೊಗಳು ತಾವೇ ಇಳಿಯದಂತೆ ಮಾಡಿದ. ಇದು ನನ್ನಾಕೆಗೆ ಅಷ್ಟೇನೂ ಹಿಡಿಸಲಿಲ್ಲ. ರಾತ್ರಿ ಹತ್ತಕ್ಕೆ ರೂಟರಿನ ಪ್ಲಗ್ ತೆಗೆಯುವುದು ನನ್ನ ಕೆಲಸ, ಅದಕ್ಕೆ ಯಾವ ಸೆಟ್ಟಿಂಗೂ ಬೇಡ. ಅವನ ಪುಸ್ತಕದ ಪ್ರಕಾರ 480ರ ಗುಣಮಟ್ಟದಲ್ಲಿ ಒಂದು ಗಂಟೆ ವಿಡಿಯೊಗೆ ಸುಮಾರು ಅರ್ಧ ಜಿಬಿ, 1080ಕ್ಕೆ ಏರಿಸಿದರೆ ಒಂದೂವರೆ ಜಿಬಿಗೂ ಮೇಲೆ. ಮಗಳು ತನ್ನ ಸರದಿ ಬಂದಾಗ ಮಾತ್ರ ಕ್ಯಾಮೆರಾ ಹಾಕುತ್ತಿದ್ದಳು. ದಿನದ ಕೊನೆಗೆ ಅರ್ಧ ಜಿಬಿ ಉಳಿದರೆ ಅಜ್ಜಿಗೆ ಯಕ್ಷಗಾನ.

ಎಲ್ಲವೂ ಸಸೂತ್ರ ಎಂದಲ್ಲ. ಮೇ ತಿಂಗಳ ಗುಡುಗು ಮಳೆಗೆ ಎರಡು ದಿನ ಕರೆಂಟ್ ಇಲ್ಲ. ಮನೆಯ ಇನ್ವರ್ಟರಿನಿಂದ ರೂಟರ್ ಉಸಿರಾಡಿತು, ಆದರೆ ಸಂಜೆ ಹೊತ್ತಿಗೆ ಗುಡ್ಡದ ಟವರಿನ ಬ್ಯಾಟರಿಯೇ ಮಲಗಿತು. ಮಗಳು ಮೂರು ಕಿಲೋಮೀಟರ್ ನಡೆದು ಮುಖ್ಯ ರಸ್ತೆಯ ಅಂಗಡಿಯ ಮುಂದೆ ಕುಳಿತು ಈಮೇಲ್ ಕಳಿಸಿದಳು. 5ಜಿ ಬಂದಿರುವ ಊರುಗಳಲ್ಲಿ ಕೆಲವು ಪ್ಲಾನುಗಳಿಗೆ ದಿನದ ಮಿತಿ ಇಲ್ಲವಂತೆ. ನಮ್ಮ ಗುಡ್ಡಕ್ಕೆ ಅದು ಬಂದಾಗ ನೋಡೋಣ.

ಅವರು ನಾಲ್ಕು ದಿನಕ್ಕೆ ಹೊರಡಲಿಲ್ಲ. ರಜೆ ಮುಗಿಯುವವರೆಗೆ ಇದ್ದರು. ಮಾವು ಹಣ್ಣಾಗಿ, ಹಲಸಿನ ಹಪ್ಪಳ ಒಣಗಿ ಡಬ್ಬಿ ಸೇರಿತು. ಕಬ್ಬೆಕ್ಕನ್ನು ಒಂದು ರಾತ್ರಿ ಟಾರ್ಚ್ ಬಿಟ್ಟು ಮೊಮ್ಮಗನಿಗೆ ತೋರಿಸಿಯೂ ಆಯಿತು.

ಹೊರಡುವ ದಿನ ಬಸ್ಸು ಹತ್ತುವ ಮೊದಲು, "ಅಜ್ಜ, ಪುಸ್ತಕ ಬರೀತಾ ಇರು" ಎಂದು ಹೇಳಿ ಹೋದ. ಆ ರಾತ್ರಿ ಉಪ್ಪರಿಗೆಗೆ ಹೋಗಿ ಪ್ಲಗ್ ತೆಗೆಯುವ ಮೊದಲು ಬಾಕಿ ನೋಡಿ ಬರೆದೆ. ಜಮೆ 2 ಜಿಬಿ. ಖರ್ಚು 0.1. ಉಳಿಕೆ 1.9.