ವಂಶದ ರೋಗ, ಊರಿನ ದೂರ

ಅರ್ಬುದರೋಗ, ಎಂದರೆ ಕ್ಯಾನ್ಸರ್, ಕೆಲವು ಮನೆತನಗಳನ್ನು ಬೆನ್ನುಹತ್ತಿ ಬರುತ್ತದೆಂಬುದು ಹಳೆಯ ಅನುಭವ. ಫ್ರಾನ್ಸಿನ ಶಸ್ತ್ರವೈದ್ಯ ಪಾಲ್ ಬ್ರೋಕಾ ತನ್ನ ಪತ್ನಿಯ ವಂಶದಲ್ಲಿ ಸ್ತನ ಕ್ಯಾನ್ಸರ್ ತಲೆಮಾರುಗಳ ಕಾಲ ಮರುಕಳಿಸಿದ್ದನ್ನು 1866ರಲ್ಲಿಯೇ ಬರೆದಿಟ್ಟಿದ್ದ. ಕಾರಣ ತಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಬಿ.ಆರ್.ಸಿ.ಎ. 1 ಎಂಬ ವಂಶವಾಹಿ 1994ರಲ್ಲಿ, ಬಿ.ಆರ್.ಸಿ.ಎ. 2 ಮರುವರ್ಷ ವಿಜ್ಞಾನಿಗಳ ಕೈಗೆ ಸಿಕ್ಕಿದವು. ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ 5ರಿಂದ 10ರಷ್ಟು ಹೀಗೆ ವಂಶಾಗತವಾದವು. ದೋಷವು ತಾಯಿಯಲ್ಲಿರಲಿ, ತಂದೆಯಲ್ಲಿರಲಿ, ಮಗುವಿಗೆ ಇಳಿಯುವ ಸಂಭವ ಅರ್ಧಕ್ಕರ್ಧ.

ಅಂಥ ಮನೆತನದವರನ್ನು ವೈದ್ಯರು ವಂಶವಾಹಿ ತಜ್ಞರಲ್ಲಿಗೆ ಕಳುಹಿಸಬೇಕು. ಆದರೆ ಯಾರು ಅಲ್ಲಿಗೆ ತಲಪುತ್ತಾರೆಂಬುದನ್ನು ಬಹುಮಟ್ಟಿಗೆ ಅವರ ಊರು ನಿರ್ಧರಿಸುತ್ತದೆ. ಸರ್ಕಾರವೇ ವೈದ್ಯವೆಚ್ಚ ಹೊರುವ ಬ್ರಿಟನ್ನಿನಲ್ಲೂ ಈ ಪ್ರಮಾಣ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗಿದೆ. ನಮ್ಮಲ್ಲಿ ಅಂಥ ತಜ್ಞರಿರುವುದು ಹೆಚ್ಚಾಗಿ ಬೆಂಗಳೂರಿನಂಥ ನಗರಗಳಲ್ಲಿ.

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳುತ್ತೇನೆ. ಮೂವರು ಅಕ್ಕತಂಗಿಯರು. ಹಿರಿಯಳನ್ನು ಹೊಸದುರ್ಗಕ್ಕೆ, ನಡುವಿನವಳನ್ನು ಹಿರಿಯೂರಿಗೆ ಕೊಟ್ಟಿದೆ. ಕಿರಿಯಳು ಊರಿನಲ್ಲೇ ಇದ್ದಾಳೆ. ಹಿರಿಯಳಿಗೆ ನಲವತ್ತರೊಳಗೆ ಸ್ತನದಲ್ಲಿ ಕ್ಯಾನ್ಸರ್, ನಡುವಿನವಳಿಗೆ ಅಂಡಾಶಯದಲ್ಲಿ. ಇಬ್ಬರ ಆಸ್ಪತ್ರೆ ಬೇರೆ, ಚೀಟಿ ಬೇರೆ. ಚೀಟಿಯಲ್ಲಿ ಗಂಡನ ಹೆಸರಿದೆ, ತವರಿನ ಸುದ್ದಿಯಿಲ್ಲ. ಎರಡೂ ಒಂದೇ ವಂಶವಾಹಿಯ ಫಲವಿರಬಹುದೆಂದು ಯಾವ ವೈದ್ಯರಿಗೆ ಹೊಳೆಯಬೇಕು?

1973ರಲ್ಲಿ ಕಿದ್ವಾಯಿ ಸಂಸ್ಥೆ ಸ್ಥಾಪನೆಯಾದಂದಿನಿಂದ ನಾಡಿನ ಮೂಲೆಮೂಲೆಯ ರೋಗಿಗಳು ಬೆಂಗಳೂರಿಗೆ ಹೋಗುತ್ತಿದ್ದಾರೆ. ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್. ನೋವು ತಿನ್ನುವವರು ದೂರವನ್ನು ಲೆಕ್ಕಿಸರು. ವಂಶವಾಹಿ ಸಲಹೆ ಬೇಕಾದ ಕಿರಿಯಳಿಗಾದರೋ ಇನ್ನೂ ನೋವಿಲ್ಲ. ದಿನದ ಕೂಲಿ ಬಿಟ್ಟು, ಬಸ್ಸಿನ ಹಣ ತೆತ್ತು, ಯಾರೂ ಹೇಳದೆ ಅವಳೇಕೆ ಹೋದಾಳು?

ರೋಗಿಯಾದ ಅಕ್ಕನ ರಕ್ತದಲ್ಲಿ ದೋಷ ಕಂಡುಬಂದರೆ, ತಂಗಿಯ ರಕ್ತದಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಇಲ್ಲವೆಂದಾದರೆ ಆ ಭಯ ನೀಗಿತು; ಇದೆಯೆಂದಾದರೆ ಕಾಲಕಾಲಕ್ಕೆ ತಪಾಸಣೆ, ಬೇಕಾದರೆ ಮುಂಜಾಗ್ರತೆಯ ಶಸ್ತ್ರಚಿಕಿತ್ಸೆ.

ಇದಕ್ಕೆಲ್ಲ ಮೊದಲ ಹೆಜ್ಜೆ ಒಂದು ಪ್ರಶ್ನೆ. ದೊಡ್ಡಮ್ಮ, ಚಿಕ್ಕಮ್ಮ, ಸೋದರತ್ತೆ ಎಂದು ನಂಟನ್ನು ವಿಂಗಡಿಸಿ ಹೇಳುವ ನಮ್ಮ ಜನರಿಗೆ ಉತ್ತರ ಕಷ್ಟವಲ್ಲ. ಯಾರಿಗೆ, ಯಾವ ವಯಸ್ಸಿನಲ್ಲಿ, ಎಲ್ಲಿ ಕ್ಯಾನ್ಸರ್ ಬಂದಿತ್ತೆಂದು ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೇಳಿ ಬರೆದುಕೊಂಡರೆ, ಮೂರು ತಾಲ್ಲೂಕುಗಳಲ್ಲಿ ಹರಿದುಹೋದ ವಂಶವೃಕ್ಷ ಒಂದೇ ಹಾಳೆಯ ಮೇಲೆ ಕೂಡಿಕೊಳ್ಳುತ್ತದೆ. ತಾಳ್ಯದ ಆ ಕಿರಿಯಳಿಗೆ ಕಾಲ ಮೀರುವ ಮೊದಲು ಯಾರಾದರೂ ಅದನ್ನು ಕೇಳಬೇಕು.