ಹಾಲು ಕಾಳಾಗುವ ಮೂವತ್ತು ದಿನ

ಬಿ.ಸಿ.ರೋಡಿನಿಂದ ಬೆಳ್ತಂಗಡಿಗೋ ಮೂಡುಬಿದಿರೆಗೋ ಹೊರಟರೆ ಅಡಕೆ ತೋಟಗಳ ನಡುವೆ ಅಲ್ಲಲ್ಲಿ ಉಳಿದಿರುವ ಗದ್ದೆಗಳು ಕಾಣುತ್ತವೆ. ಮಳೆಗಾಲದ ಏಣಿಲು ಬೆಳೆಯ ತೆನೆ ಬಾಗುವ ಮೊದಲು ಒಂದು ಹಸಿ ಕಾಳನ್ನು ಉಗುರಿನಿಂದ ಒತ್ತಿ ನೋಡಿ. ಬೆಳ್ಳಗಿನ ಹಾಲು ಜಿನುಗುತ್ತದೆ, ನಾಲಗೆಗೆ ತುಸು ಸಿಹಿ. ಹದಿನೈದು ದಿನ ಬಿಟ್ಟು ಅದೇ ತೆನೆಯ ಕಾಳು ಕಚ್ಚಿದರೆ ಸಿಹಿಯಿಲ್ಲ, ಹಲ್ಲಿಗೆ ಕಟಕ್ಕೆನ್ನುತ್ತದೆ.

ಭತ್ತದ ಹೂ ಬಿಸಿಲೇರುವ ಹೊತ್ತಿಗೆ ಅರಳಿ ಒಂದೆರಡು ಗಂಟೆಯಲ್ಲಿ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಪರಾಗ ಬೀಳದಿದ್ದರೆ ಅದು ಜೊಳ್ಳು. ಬಿದ್ದರೆ ಅಲ್ಲಿಂದ ಸುಮಾರು 30 ದಿನಗಳ ಕೆಲಸ. ತೆನೆಯ ಬುಡದ ಕೊನೆಯ ಎಲೆ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ ನೀರಿನಲ್ಲಿ ಕರಗಿ ಕಾಳಿಗೆ ಹರಿದು ಬರುತ್ತದೆ. ಅದನ್ನು ಸಕ್ಕರೆಯಾಗಿಯೇ ಕೂಡಿಡುವಂತಿಲ್ಲ. ಸಕ್ಕರೆ ಹೆಚ್ಚಿದಷ್ಟೂ ಕಾಳಿನ ಜೀವಕೋಶ ನೀರು ಹೀರುತ್ತಲೇ ಹೋಗುತ್ತದೆ. ಹಾಗಾಗಿ ಒಂದು ಕಿಣ್ವ ಸಕ್ಕರೆಯನ್ನು ಒಡೆಯುತ್ತದೆ, ಇನ್ನೊಂದು ಗ್ಲೂಕೋಸಿಗೆ ಶಕ್ತಿ ತುಂಬುತ್ತದೆ, ಮತ್ತೊಂದು ಆ ಗ್ಲೂಕೋಸನ್ನು ಸರಪಳಿಯಾಗಿ ಪೋಣಿಸುತ್ತದೆ. ನೀರಿನಲ್ಲಿ ಕರಗದ ಪಿಷ್ಟ ಸಿದ್ಧವಾಗುವುದು ಹೀಗೆ. ನೇರವಾದ ಸರಪಳಿ ಅಮೈಲೋಸ್, ಕವಲೊಡೆದದ್ದು ಅಮೈಲೋಪೆಕ್ಟಿನ್. ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರು, ಕಡಿಮೆಯಿದ್ದರೆ ಅಂಟಂಟು. ನಮ್ಮ ಊಟದ ಹದ ಗದ್ದೆಯಲ್ಲೇ ಬಹುಪಾಲು ತೀರ್ಮಾನವಾಗಿರುತ್ತದೆ.

ಇದರ ಜೊತೆಗೇ ಸಿಪ್ಪೆಯ ಹಸಿರು ಮಾಸುತ್ತದೆ. ಕೆಂಪಕ್ಕಿಯ ತಳಿಗಳಲ್ಲಿ ಅಲ್ಲಿ ಟ್ಯಾನಿನ್ ಜಾತಿಯ ಬಣ್ಣ ತುಂಬುತ್ತದೆ. ಕಾಡುಭತ್ತದ ಅಕ್ಕಿ ಕೆಂಪೇ. ಆರ್‌ಸಿ ಎಂಬ ಜೀನಿನ 14 ಅಕ್ಷರಗಳು ಕಳಚಿಹೋದದ್ದರಿಂದ ಹೆಚ್ಚಿನ ಬಿಳಿ ಅಕ್ಕಿ ತಳಿಗಳು ಹುಟ್ಟಿದವು. ಬಿಳುಪು ಒಂದು ಗುಣವಲ್ಲ, ಒಂದು ಗುಣದ ನಷ್ಟ ಎಂದೇ ನಾನು ತಿಳಿದಿದ್ದೇನೆ.

ನನಗೆ ಅತ್ಯಂತ ಅಚ್ಚರಿ ಎನಿಸುವುದು ಕೊನೆಯ ವಾರ. ಕಾಳು ಒಣಗುವ ಹೊತ್ತಿಗೆ ಪಿಷ್ಟ ತುಂಬಿದ ಜೀವಕೋಶಗಳೆಲ್ಲ ಸತ್ತಿರುತ್ತವೆ. ನಾವು ಉಣ್ಣುವ ಅನ್ನ ಆ ಸತ್ತ ಉಗ್ರಾಣ. ಜೀವ ಉಳಿಯುವುದು ಮೂಲೆಯ ಮೊಳಕೆಯಲ್ಲಿ, ತೌಡಿನ ಅಂಚಿನ ಅಲ್ಯೂರೋನ್ ಎಂಬ ತೆಳು ಪದರದಲ್ಲಿ. ಈ ಪದರವೇ ಉಗ್ರಾಣದ ಕೀಲಿಕೈ ಹಿಡಿದಿದೆ. ಮೊಳಕೆ ಜಿಬ್ಬೆರೆಲಿನ್ ಎಂಬ ಹಾರ್ಮೋನು ಕಳಿಸಿದರೆ ಅದು ಅಮೈಲೇಸ್ ಕಿಣ್ವ ಸುರಿಸಿ ಪಿಷ್ಟವನ್ನು ಮತ್ತೆ ಸಕ್ಕರೆ ಮಾಡುತ್ತದೆ. ಅಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನು ಅದನ್ನು ತಡೆದು ಕಾಳನ್ನು ನಿದ್ದೆಯಲ್ಲಿಡುತ್ತದೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಗರ್ಜಿಗೆ, ನವರಾತ್ರಿಯ ಹೊತ್ತಿಗೆ ಮನೆಯ ಕಂಬಕ್ಕೆ ಹೊಸ ತೆನೆ ಬರುವ ನಮ್ಮೂರಲ್ಲಿ ಮಳೆ ಆಗಲೂ ಬಿಟ್ಟಿರುವುದಿಲ್ಲ. ಮಾಗಿದ ಪೈರು ಅಡ್ಡಬಿದ್ದು ನೀರಿನಲ್ಲಿ ನೆನೆದರೆ ನಿದ್ದೆ ಹಗುರಾದ ತಳಿ ತೆನೆಯಲ್ಲೇ ಮೊಳೆಯುತ್ತದೆ. ತಿಂಗಳು ಕಟ್ಟಿದ ಪಿಷ್ಟ ಕೆಲವೇ ದಿನಗಳಲ್ಲಿ ಕರಗತೊಡಗುತ್ತದೆ. ಅಂಥ ಭತ್ತದಿಂದ ಒಳ್ಳೆಯ ಕುಚ್ಚಲಕ್ಕಿ ಆಗದು.

ತೆನೆಯಲ್ಲಿ ನೂರಕ್ಕೆ ಎಂಬತ್ತು ಕಾಳು ಹೊಂಬಣ್ಣಕ್ಕೆ ತಿರುಗಿದಾಗ ಬೆಳೆ ಕೊಯ್ಲಿಗೆ ಬಂದಂತೆ. ಆಗ ಕಾಳಿನಲ್ಲಿ ಶೇ. 20ಕ್ಕೂ ಮಿಕ್ಕಿ ತೇವವಿರುತ್ತದೆ. ಬಿಸಿಲು ಸಿಕ್ಕ ದಿನ ಕೊಯ್ಲು ಮುಂದೂಡಬೇಡಿ, ತೇವ ಶೇ. 14ಕ್ಕೆ ಇಳಿಯುವ ತನಕ ಭತ್ತವನ್ನು ಗೋಣಿಗೆ ತುಂಬಬೇಡಿ.